ಜರಡಿಯ ಮೇಲೆ ಉಳಿದ ಕಲ್ಲಿಗೂ ಲೆಕ್ಕ ಬೇಕು

ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ರೈತರು ತಂದ ಮಾದರಿಯನ್ನು ಮೊದಲು ನೆರಳಿನಲ್ಲಿ ಒಣಗಿಸುತ್ತಾರೆ. ಹೆಂಟೆಗಳನ್ನು ಮರದ ಕೊಡತಿಯಿಂದ ಮೆಲ್ಲಗೆ ಪುಡಿ ಮಾಡುತ್ತಾರೆ. ನಂತರ 2 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಹಾಕಿ ಜರಡಿ ಹಿಡಿಯುತ್ತಾರೆ. ಕೆಳಗೆ ಬಿದ್ದ ಪುಡಿಗೆ 'ನಯಮಣ್ಣು' ಎನ್ನೋಣ. ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಮುಂತಾದ ಎಲ್ಲ ಪರೀಕ್ಷೆಗಳೂ ಈ ನಯಮಣ್ಣಿಗೆ ನಡೆಯುತ್ತವೆ. ಜರಡಿಯ ಮೇಲೆ ಉಳಿದ ಹರಳು, ಜಲ್ಲಿ, ಕಲ್ಲಿನ ಚೂರುಗಳು ಕಸದ ಬುಟ್ಟಿಗೆ ಹೋಗುತ್ತವೆ.

ಎರೆಹೊಲದ ಮಾದರಿಯಲ್ಲಿ ಹೀಗೆ ಉಳಿಯುವುದು ಒಂದು ಹಿಡಿಯೂ ಇರಲಾರದು. ಆದರೆ ಗರಸು ನೆಲದ ಮಾದರಿಯಲ್ಲಿ ಮೂರರಲ್ಲೊಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ತೂಕ ಜರಡಿಯ ಮೇಲೆಯೇ ನಿಲ್ಲುತ್ತದೆ. ರೈತನ ಕೈಗೆ ಬರುವ ವರದಿಯಲ್ಲಿ ಈ ಎರಡು ಹೊಲಗಳ ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಕಲ್ಲನ್ನು ಎಸೆಯುವುದು ತಪ್ಪಲ್ಲ. ಅದನ್ನು ತೂಗದೆ ಎಸೆಯುವುದು ತಪ್ಪು. ಈ ತಪ್ಪು ಎಷ್ಟು ದೊಡ್ಡದು, ಅದರಿಂದ ಯಾರಿಗೆ ನಷ್ಟ, ತಿದ್ದಲು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ಉದಾಹರಣೆಗೆ ಜಲ್ಲಿಯಿಂದಲೇ ತುಂಬಿದ ಒಂದು ಕಣಿವೆಯನ್ನು ತೆಗೆದುಕೊಳ್ಳೋಣ.

ದೂನ್ ಕಣಿವೆ

ಉತ್ತರಾಖಂಡದ ದೂನ್ ಕಣಿವೆಯ ಉತ್ತರಕ್ಕೆ ಮಸ್ಸೂರಿಯ ಬೆಟ್ಟಸಾಲು, ದಕ್ಷಿಣಕ್ಕೆ ಶಿವಾಲಿಕ್ ಗುಡ್ಡಗಳು. ಒಂದು ತುದಿಯಲ್ಲಿ ಯಮುನೆ, ಇನ್ನೊಂದು ತುದಿಯಲ್ಲಿ ಗಂಗೆ. ನಡುವೆ ಸುಮಾರು 80 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ತಗ್ಗು. ಮಸ್ಸೂರಿಯ ಕಡಿದಾದ ಇಳಿಜಾರಿನಿಂದ ರಭಸವಾಗಿ ಇಳಿಯುವ ತೊರೆಗಳು ಕಣಿವೆಯ ಸಮತಟ್ಟಿಗೆ ಬಂದೊಡನೆ ವೇಗ ಕಳೆದುಕೊಳ್ಳುತ್ತವೆ. ವೇಗ ಕುಂದಿದ ನೀರಿಗೆ ಹೊರೆ ಹೊರುವ ಶಕ್ತಿ ಉಳಿಯುವುದಿಲ್ಲ. ದೊಡ್ಡ ಕಲ್ಲುಗಳು ಮೊದಲು, ಜಲ್ಲಿ ನಂತರ, ಮರಳು ಮತ್ತು ರೇವೆ ಕೊನೆಗೆ ಕೆಳಗಿಳಿಯುತ್ತವೆ. ಹೀಗೆ ಸಾವಿರಾರು ವರ್ಷಗಳ ಕಾಲ ಬಿದ್ದ ಹೊರೆ ಬೀಸಣಿಗೆಯ ಆಕಾರದಲ್ಲಿ ಹರಡಿಕೊಂಡಿದೆ. ಡೋಂಗಾ, ಡೆಹ್ರಾಡೂನ್ ಮತ್ತು ಭೋಗಪುರ ಎಂಬ ಮೂರು ದೊಡ್ಡ ಬೀಸಣಿಗೆಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಈ ರಾಶಿಗೆ 'ದೂನ್ ಜಲ್ಲಿ' ಎಂದೇ ಹೆಸರು.

ಈ ಜಲ್ಲಿಯ ಮೇಲೆ ಮತ್ತು ಅದರ ಸಂದುಗಳಲ್ಲಿ ನಿಂತ ನಯಮಣ್ಣೇ ಅಲ್ಲಿನ ಬೇಸಾಯದ ಆಧಾರ. ಬೀಸಣಿಗೆಯ ತಲೆಯ ಕಡೆ, ಅಂದರೆ ಬೆಟ್ಟದ ಬುಡದಲ್ಲಿ, ಕಲ್ಲು ಹೆಚ್ಚು, ಮಣ್ಣಿನ ಹೊದಿಕೆ ತೆಳು. ಕೆಳಕ್ಕೆ ಹೋದಂತೆ ಗೋಡು ಮಣ್ಣಿನ ಹೊದಿಕೆ ದಪ್ಪವಾಗುತ್ತದೆ. ಲಿಚಿ ಮತ್ತು ಮಾವಿನ ತೋಟಗಳು, ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಎದ್ದ ಚಹಾ ತೋಟಗಳು, ಗೋಧಿ, ಕಬ್ಬು, ಹೆಸರುವಾಸಿಯಾದ ಬಾಸ್ಮತಿ ಎಲ್ಲವೂ ಇದೇ ಕಣಿವೆಯಲ್ಲಿ ಬೆಳೆದಿವೆ. ನೀರಾವರಿ ಮತ್ತು ದಪ್ಪ ಹೊದಿಕೆ ಎರಡೂ ಇರುವಲ್ಲಿ ಬತ್ತ, ಬೇರು ಆಳಕ್ಕೆ ಇಳಿಯಬೇಕಾದಲ್ಲಿ ಹಣ್ಣಿನ ಮರ. ಇದು ಒರಟಾದ ಹಂಚಿಕೆಯಾದರೂ ಮಣ್ಣಿನ ಗುಣಕ್ಕೆ ಹೊಂದಿದ ಹಂಚಿಕೆ.

ಡೆಹ್ರಾಡೂನಿನಲ್ಲಿ ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಇಷ್ಟು ಮಳೆಯಾದರೂ ಬೆಟ್ಟದ ಬುಡದ ಹಲವು ತೊರೆಗಳು ಮಳೆಗಾಲ ಮುಗಿದೊಡನೆ ಒಣಗುತ್ತವೆ. ನೀರು ಜಲ್ಲಿಯೊಳಗೆ ಇಳಿದು ಕಣ್ಮರೆಯಾಗುತ್ತದೆ. ಇದನ್ನು ಅಲ್ಲಿಯ ಹಿಂದಿನವರು ಚೆನ್ನಾಗಿ ಅರಿತಿದ್ದರು. ರಾಜಪುರ ಕಾಲುವೆ ಮತ್ತು ಬಿಜಾಪುರ ಕಾಲುವೆಗಳನ್ನು (ನಮ್ಮ ಬಿಜಾಪುರಕ್ಕೂ ಇದಕ್ಕೂ ಸಂಬಂಧವಿಲ್ಲ) ಕಲ್ಲುಗಾರೆಯಿಂದ ಕಟ್ಟಲಾಗಿತ್ತು. ಬರಿಯ ಮಣ್ಣಿನ ಕಾಲುವೆ ತೋಡಿದ್ದರೆ ನೀರು ಹೊಲ ಮುಟ್ಟುವ ಮೊದಲೇ ಇಂಗಿ ಹೋಗುತ್ತಿತ್ತು.

ಪಾಠದ ಎರಡು ಅಧ್ಯಾಯಗಳು

ನಮ್ಮ ಭೂಗೋಳ ಪಾಠಗಳಲ್ಲಿ ಹಿಮಾಲಯದ ಬುಡದ ನೆಲ ಎರಡು ಕಡೆ ಬರುತ್ತದೆ. ಭೂಸ್ವರೂಪದ ಅಧ್ಯಾಯದಲ್ಲಿ ದೂನ್ ಕಣಿವೆಗಳ ಹೆಸರಿದೆ. ಶಿವಾಲಿಕ್ ಬುಡದ ಭಾಬರ್ ಪಟ್ಟಿಯ ಜಲ್ಲಿಯಲ್ಲಿ ತೊರೆಗಳು ಮಾಯವಾಗುವುದನ್ನೂ ಹೇಳಿದೆ. ಮಣ್ಣಿನ ಅಧ್ಯಾಯಕ್ಕೆ ಬಂದಾಗ ಉತ್ತರ ಭಾರತದ ನದೀತೀರಗಳಿಗೆಲ್ಲ 'ಮೆಕ್ಕಲು ಮಣ್ಣು, ಫಲವತ್ತಾದುದು' ಎಂಬ ಒಂದೇ ಬಣ್ಣ ಬಳಿಯಲಾಗುತ್ತದೆ. ಮೊದಲ ಅಧ್ಯಾಯದ ಜಲ್ಲಿ ಎರಡನೆಯದರಲ್ಲಿ ಹೆಚ್ಚುಕಡಿಮೆ ಮರೆಯಾಗುತ್ತದೆ. ಪರೀಕ್ಷೆಯಲ್ಲಿ ವಿದ್ಯಾರ್ಥಿ ಎರಡಕ್ಕೂ ಅಂಕ ಪಡೆಯುತ್ತಾನೆ. ಆದರೆ ತೊರೆಯನ್ನೇ ನುಂಗುವ ನೆಲದಲ್ಲಿ ಬೆಳೆಗೆ ನೀರು ನಿಲ್ಲುವುದು ಹೇಗೆ ಎಂಬ ಪ್ರಶ್ನೆ ಅವನಿಗೆ ಹೊಳೆಯುವುದೇ ಇಲ್ಲ.

ಮಣ್ಣನ್ನು ಕೆಂಪು, ಕಪ್ಪು, ಮೆಕ್ಕಲು, ಜಂಬಿಟ್ಟಿಗೆ ಎಂದು ಬಣ್ಣ ಮತ್ತು ಮೂಲದಿಂದ ವಿಂಗಡಿಸುವುದರಲ್ಲಿ ತಪ್ಪೇನಿಲ್ಲ. ಮರಳು, ರೇವೆ, ಜೇಡಿಗಳ ಪ್ರಮಾಣದಿಂದ ವಿನ್ಯಾಸ ಹೇಳುವುದೂ ಸರಿ. ಆದರೆ ಈ ವಿನ್ಯಾಸದ ಲೆಕ್ಕವೂ 2 ಮಿಲಿಮೀಟರ್ ಒಳಗಿನ ಕಣಗಳಿಗೆ ಮಾತ್ರ ಸೇರಿದ್ದು. ಅದಕ್ಕಿಂತ ದೊಡ್ಡ ಚೂರುಗಳನ್ನು ಮಣ್ಣು ಸಮೀಕ್ಷೆಯವರು ಬೇರೆಯಾಗಿ, ಗಾತ್ರದ ಶೇಕಡಾವಾರಿನಲ್ಲಿ ದಾಖಲಿಸುತ್ತಾರೆ. ಶೇ. 15ರಿಂದ 35ರವರೆಗೆ ಇದ್ದರೆ 'ಜಲ್ಲಿಯುಕ್ತ', 35ರಿಂದ 60ರವರೆಗೆ 'ಹೆಚ್ಚು ಜಲ್ಲಿಯುಕ್ತ', ಅದಕ್ಕೂ ಮೀರಿದರೆ 'ಅತಿ ಹೆಚ್ಚು ಜಲ್ಲಿಯುಕ್ತ'. ಸಮೀಕ್ಷೆಯವರು 'ಜಲ್ಲಿಯುಕ್ತ ಗೋಡು' ಎಂದು ಬರೆದರೆ ಅದರಲ್ಲಿ ಎರಡು ಸಂಗತಿಗಳಿವೆ. ಪಾಠದಲ್ಲಿ ಉಳಿಯುವುದು 'ಗೋಡು' ಒಂದೇ.

'ನೀರು ಚೆನ್ನಾಗಿ ಬಸಿಯುವ' ಎಂಬ ಮಾತಿಗೂ ಇದೇ ಗತಿ. ಇದನ್ನು 'ನೀರು ಬೇಗ ಓಡಿಹೋಗುವ' ಎಂದು ಅರ್ಥ ಮಾಡಿಕೊಳ್ಳುವವರೇ ಹೆಚ್ಚು. ಅಮೆರಿಕದ ಮಣ್ಣು ಸಮೀಕ್ಷೆಯಲ್ಲಿ ಬಸಿಯುವಿಕೆಗೆ ಏಳು ದರ್ಜೆಗಳಿವೆ. ತೀರ ಜೌಗಿನಿಂದ ಹಿಡಿದು ಅತಿಯಾಗಿ ಬಸಿಯುವ ನೆಲದವರೆಗೆ ಅವು ಹರಡಿವೆ. 'ಚೆನ್ನಾಗಿ ಬಸಿಯುವ' ದರ್ಜೆಯಲ್ಲಿ ನೀರು ಸಲೀಸಾಗಿ ಇಳಿಯಬೇಕು, ಆದರೆ ಅವಸರದಿಂದಲ್ಲ. ಬೆಳೆಯ ಕಾಲದಲ್ಲಿ ಬೇರಿನ ವಲಯ ಹೆಚ್ಚು ದಿನ ನೀರಿನಲ್ಲಿ ನೆನೆದಿರಬಾರದು. ಮೇಲಿನ ಪದರಗಳಲ್ಲಿ ಬೂದು ಕಲೆಗಳಿಲ್ಲದಿರುವುದು ಇದಕ್ಕೆ ಒಂದು ಗುರುತು. ಗುಂಡಿ ತೋಡಿ ಕಲೆಗಳನ್ನು ಹುಡುಕದೆ, ಬರಿಯ ಜಲ್ಲಿ ಕಂಡಿತೆಂದು ಈ ಹೆಸರು ಕೊಡಲಾಗದು. ಜಲ್ಲಿಯ ಸಂದುಗಳಲ್ಲಿ ಗೋಡು ತುಂಬಿದ್ದರೆ ನೆಲ ಚೆನ್ನಾಗಿ ಬಸಿಯುತ್ತದೆ. ಸಂದುಗಳು ಬರಿದಾಗಿದ್ದರೆ ಅತಿಯಾಗಿ ಬಸಿಯುತ್ತದೆ. ಬೇಸಾಯಗಾರನಿಗೆ ಇವೆರಡರ ಅಂತರ ಬಹಳ ದೊಡ್ಡದು.

ಲೆಕ್ಕ ಎಲ್ಲಿ ತಪ್ಪುತ್ತದೆ?

ಒಂದು ಸರಳ ಉದಾಹರಣೆ ನೋಡೋಣ. ಒಂದು ಹೊಲದ ಮಾದರಿಯಲ್ಲಿ ತೂಕದ ಅರ್ಧ ಜಲ್ಲಿ, ಅರ್ಧ ನಯಮಣ್ಣು ಇದೆ ಎಂದುಕೊಳ್ಳೋಣ. ಬೆಣಚು ಜಾತಿಯ ಕಲ್ಲಿನ ಸಾಂದ್ರತೆ ಲೀಟರಿಗೆ ಸುಮಾರು 2.65 ಕೆ.ಜಿ. ಸಂದುಗಳೂ ಸೇರಿದ ನಯಮಣ್ಣಿನದು ಸುಮಾರು 1.5 ಕೆ.ಜಿ. ಆಗ 50 ಕೆ.ಜಿ. ಜಲ್ಲಿ 19 ಲೀಟರ್ ಜಾಗ ಹಿಡಿದರೆ 50 ಕೆ.ಜಿ. ನಯಮಣ್ಣು 33 ಲೀಟರ್ ಹಿಡಿಯುತ್ತದೆ. ಅಂದರೆ ತೂಕದಲ್ಲಿ ಶೇ. 50 ಇರುವ ಜಲ್ಲಿ ಗಾತ್ರದಲ್ಲಿ ಸುಮಾರು ಶೇ. 36 ಮಾತ್ರ. ಬೇರು ಹರಡುವುದು ಮತ್ತು ನೀರು ನಿಲ್ಲುವುದು ಜಾಗದಲ್ಲಿ. ಆದ್ದರಿಂದ ಲೆಕ್ಕಕ್ಕೆ ಬೇಕಾದದ್ದು ಗಾತ್ರ. ತೂಕವನ್ನೇ ನೇರವಾಗಿ ಬಳಸಿದರೆ ಇನ್ನೊಂದು ತಪ್ಪು ಸೇರಿಕೊಳ್ಳುತ್ತದೆ.

ಮೊದಲು ನೀರಿನ ಲೆಕ್ಕ. ಜಲ್ಲಿಯಿಲ್ಲದ ಗೋಡು ಮಣ್ಣು ಪ್ರತಿ 10 ಸೆಂಟಿಮೀಟರ್ ಆಳದಲ್ಲಿ ಬೆಳೆಗೆ ದಕ್ಕುವ ಸುಮಾರು 15 ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲದು ಎಂದಿಟ್ಟುಕೊಳ್ಳಿ. ಬೇರು 60 ಸೆಂಟಿಮೀಟರ್ ಇಳಿದಿದ್ದರೆ ಒಟ್ಟು 90 ಮಿಲಿಮೀಟರ್. ನಮ್ಮ ಜಲ್ಲಿಯುಕ್ತ ಹೊಲದಲ್ಲಿ ನಯಮಣ್ಣಿನ ಪಾಲು ಶೇ. 64 ಆದ್ದರಿಂದ ಅಲ್ಲಿ ನಿಲ್ಲುವುದು ಸುಮಾರು 58 ಮಿಲಿಮೀಟರ್. ಸಂಗ್ರಹ ಅರ್ಧಕ್ಕೆ ಇಳಿದಾಗ ನೀರು ಕೊಡಬೇಕೆಂಬುದು ಸಾಮಾನ್ಯ ನಿಯಮ. ಬೆಳೆ ದಿನಕ್ಕೆ 5 ಮಿಲಿಮೀಟರ್ ಬಳಸಿದರೆ ಮೊದಲ ಹೊಲಕ್ಕೆ 9 ದಿನಕ್ಕೊಮ್ಮೆ, ಎರಡನೆಯದಕ್ಕೆ 6 ದಿನಕ್ಕೊಮ್ಮೆ ನೀರು ಬೇಕು. ಎರಡೂ ಹೊಲಗಳ ವರದಿಯಲ್ಲಿ 'ಗೋಡು ಮಣ್ಣು' ಎಂದೇ ಇದ್ದರೆ ರೈತ ಎರಡಕ್ಕೂ ಒಂದೇ ಪಾಳಿ ಹಾಕುತ್ತಾನೆ. ಜಲ್ಲಿಯುಕ್ತ ಹೊಲದ ಬೆಳೆ ಕೊನೆಯ ಮೂರು ದಿನ ಬಳಲುತ್ತದೆ. ಅದನ್ನು ಕಂಡು ಅವನು ಆರನೇ ದಿನವೇ ಎಂದಿನ 45 ಮಿಲಿಮೀಟರ್ ನೀರು ಹಾಯಿಸಿದರೆ ಮಣ್ಣಿನಲ್ಲಿ ಜಾಗ ಇರುವುದು 30 ಮಿಲಿಮೀಟರಿಗೆ ಮಾತ್ರ. ಮಿಕ್ಕ 15 ಮಿಲಿಮೀಟರ್ ಬೇರನ್ನು ದಾಟಿ ಕೆಳಗಿಳಿಯುತ್ತದೆ. ಹೋಗುವಾಗ ನೈಟ್ರೇಟ್ ರೂಪದ ಸಾರಜನಕವನ್ನೂ ಕೊಂಡೊಯ್ಯುತ್ತದೆ. ರೈತನಿಗೆ ನೀರು, ವಿದ್ಯುತ್ತು, ಯೂರಿಯಾ ಮೂರೂ ನಷ್ಟ. ಜಲ್ಲಿ ನೆಲದ ಕೆಳಗೆ ಅಂತರ್ಜಲವಿದ್ದರೆ ಆ ನೈಟ್ರೇಟ್ ಊರಿನ ಕುಡಿಯುವ ನೀರನ್ನು ಸೇರುತ್ತದೆ.

ಇನ್ನು ಪೋಷಕಾಂಶದ ಲೆಕ್ಕ. ಪ್ರಯೋಗಾಲಯದಲ್ಲಿ ಅಳೆಯುವುದು ಒಂದು ಕೆ.ಜಿ. ನಯಮಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಪೋಷಕಾಂಶ ಇದೆ ಎಂಬುದನ್ನು. ಇದನ್ನು ಹೆಕ್ಟೇರಿಗೆ ಇಷ್ಟು ಕೆ.ಜಿ. ಎಂದು ಬದಲಿಸಲು 2.24ರಿಂದ ಗುಣಿಸುತ್ತಾರೆ. ಈ ಸಂಖ್ಯೆ ಎಲ್ಲಿಂದ ಬಂತು? ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಪದರದ ಮಣ್ಣಿನ ತೂಕ 22.4 ಲಕ್ಷ ಕೆ.ಜಿ. ಎಂಬ ಊಹೆಯಿಂದ. ಅಷ್ಟೂ ನಯಮಣ್ಣೇ ಎಂಬ ಇನ್ನೊಂದು ಊಹೆ ಇದರೊಳಗೆ ಅಡಗಿದೆ. ನಮ್ಮ ಹೊಲದಲ್ಲಿ ಇರುವ ನಯಮಣ್ಣು ಇದರ ಶೇ. 64, ಅಂದರೆ ಸುಮಾರು 14.3 ಲಕ್ಷ ಕೆ.ಜಿ. ಪೊಟ್ಯಾಷಿಯಂ ಕೆ.ಜಿ.ಗೆ 125 ಮಿಲಿಗ್ರಾಂ ಇದ್ದರೆ ವರದಿ ಹೆಕ್ಟೇರಿಗೆ 280 ಕೆ.ಜಿ. ಎನ್ನುತ್ತದೆ. ಆ ಪದರದಲ್ಲಿ ನಿಜವಾಗಿ ಇರುವುದು ಸುಮಾರು 179 ಕೆ.ಜಿ. ನೂರು ಕೆ.ಜಿ.ಯಷ್ಟು ಪೊಟ್ಯಾಷಿಯಂ ಕಾಗದದ ಮೇಲೆ ಮಾತ್ರ ಇದೆ.

2015ರ ಫೆಬ್ರವರಿಯಲ್ಲಿ ದೇಶದಾದ್ಯಂತ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ಹನ್ನೆರಡು ಅಂಶಗಳನ್ನು ಪಟ್ಟಿ ಮಾಡುತ್ತದೆ. ಸಾರಜನಕ, ರಂಜಕ, ಪೊಟ್ಯಾಷಿಯಂ, ಗಂಧಕ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ರಸಸಾರ, ವಿದ್ಯುತ್ ವಾಹಕತೆ ಮತ್ತು ಸಾವಯವ ಇಂಗಾಲ. ಕೋಟ್ಯಂತರ ರೈತರ ಕೈಗೆ ತಮ್ಮ ಮಣ್ಣಿನ ಅಂಕಿಗಳನ್ನು ತಲುಪಿಸಿದ ಈ ಕೆಲಸದ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಹನ್ನೆರಡರಲ್ಲಿ ಜಲ್ಲಿಯ ಪ್ರಮಾಣ ಇಲ್ಲ, ಮಣ್ಣಿನ ಆಳವೂ ಇಲ್ಲ. ಹನ್ನೆರಡೂ ಸರಿಯಾಗಿ ಅಳೆದ ಅಂಕಿಗಳೇ ಆಗಿದ್ದರೂ, ಅವು ಎಷ್ಟು ಮಣ್ಣಿಗೆ ಸೇರಿದವು ಎಂಬುದು ತಿಳಿಯದಿದ್ದರೆ ರೈತ ಅವುಗಳಿಂದ ಮಾಡಬಹುದಾದ ತೀರ್ಮಾನ ಅರ್ಧಮರ್ಧವಾಗುತ್ತದೆ.

ಜರಡಿಯ ಪರವಾಗಿ

ಜರಡಿಯನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿದೆ. ಪೋಷಕಾಂಶಗಳನ್ನು ಹಿಡಿದಿಡುವುದು ಕಣಗಳ ಮೇಲ್ಮೈ. ಒಂದು ಸೆಂಟಿಮೀಟರ್ ಬದಿಯ ಕಲ್ಲಿನ ಘನದ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರ್. ಅಷ್ಟೇ ಗಾತ್ರದ ಜೇಡಿಯ ಮೇಲ್ಮೈ ಹಲವು ಚದರ ಮೀಟರ್‌ಗಳಾಗುತ್ತದೆ. ಹಾಗಾಗಿ ಕಲ್ಲನ್ನು ಸೇರಿಸಿ ಪರೀಕ್ಷೆ ಮಾಡಿದರೆ ರಾಸಾಯನಿಕ ಫಲಿತಾಂಶವೇ ಕೆಡುತ್ತದೆ. ಎಲ್ಲೆಡೆ ಒಂದೇ ಅಳತೆಯ ಜರಡಿ ಬಳಸಿದರೆ ಬೇರೆ ಬೇರೆ ಕಡೆಯ ಫಲಿತಾಂಶಗಳನ್ನು ಹೋಲಿಸಲೂ ಅನುಕೂಲ. ಬೇರು ಮುಟ್ಟುವುದು ನಯಮಣ್ಣನ್ನೇ ಆದ್ದರಿಂದ ಪೋಷಕಾಂಶದ ಸಾಂದ್ರತೆಗೂ ಬೆಲೆಯಿದೆ. 'ಕಡಿಮೆ, ಮಧ್ಯಮ, ಹೆಚ್ಚು' ಎಂಬ ದರ್ಜೆಗಳನ್ನು ಸಾಂದ್ರತೆಯ ಮೇಲೆ ನಿಲ್ಲಿಸುವುದನ್ನು ಪೂರ್ತಿ ತಳ್ಳಿಹಾಕಲಾಗದು.

ತಕರಾರು ಇರುವುದು ಅಲ್ಲಿಂದ ಮುಂದಿನ ಹೆಜ್ಜೆಗೆ. ಸಾಂದ್ರತೆಯನ್ನು ಹೆಕ್ಟೇರಿನ ಒಟ್ಟು ಮೊತ್ತಕ್ಕೆ ಬದಲಿಸುವಾಗ ಕಲ್ಲನ್ನು ಕಳೆಯಲೇಬೇಕು. ಹವಾಮಾನ ಬದಲಾವಣೆಯ ಅಧ್ಯಯನಗಳಲ್ಲಿ ಈ ಶಿಸ್ತು ಆಗಲೇ ಇದೆ. ಮಣ್ಣಿನಲ್ಲಿ ಸಂಗ್ರಹವಾದ ಇಂಗಾಲವನ್ನು ಲೆಕ್ಕಹಾಕುವ ಅಂತರರಾಷ್ಟ್ರೀಯ ಸೂತ್ರದಲ್ಲಿ ದಪ್ಪ ಚೂರುಗಳ ಪಾಲನ್ನು ಕಳೆಯುವ ಪದವೊಂದು ಸೇರಿದೆ. ಇಂಗಾಲಕ್ಕೆ ಅನ್ವಯಿಸುವ ನಿಯಮ ಪೊಟ್ಯಾಷಿಗೆ ಅನ್ವಯಿಸದಿರಲು ಯಾವ ಕಾರಣವೂ ಇಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಎಲ್ಲ ಕಲ್ಲುಗಳೂ ನೀರಿಗೆ ಮುಚ್ಚಿದ ಬಾಗಿಲಲ್ಲ. ಗಟ್ಟಿ ಬೆಣಚುಕಲ್ಲು ನೀರನ್ನು ಹೀರುವುದಿಲ್ಲ ಎನ್ನಬಹುದು. ಶಿಥಿಲಗೊಂಡ ಜೇಡಿಶಿಲೆ, ಸುಣ್ಣಶಿಲೆ, ಜಂಬಿಟ್ಟಿಗೆಯ ಚೂರುಗಳು ತಮ್ಮ ರಂಧ್ರಗಳಲ್ಲಿ ಸ್ವಲ್ಪ ನೀರನ್ನು ಇಟ್ಟುಕೊಳ್ಳುತ್ತವೆ. ಆದ್ದರಿಂದ ಕಲ್ಲು ಎಷ್ಟಿದೆ ಎಂಬುದರ ಜೊತೆಗೆ ಯಾವ ಜಾತಿಯದು ಎಂದೂ ಒಂದು ಮಾತು ಬರೆದಿಡುವುದು ಒಳ್ಳೆಯದು.

ಮಾದರಿ ತೆಗೆಯುವಾಗಲೇ ಆಗುವ ತಪ್ಪು ಜರಡಿಯ ತಪ್ಪಿಗಿಂತ ಮೊದಲಿನದು. ಕಲ್ಲಿರುವ ಕಡೆ ಗುದ್ದಲಿ ಇಳಿಯುವುದಿಲ್ಲ. ಮಾದರಿ ತೆಗೆಯುವವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮೆತ್ತಗಿರುವ ಕಡೆ ಅಗೆಯುತ್ತಾರೆ. ಚೀಲಕ್ಕೆ ತುಂಬುವ ಮೊದಲು ದಪ್ಪ ಕಲ್ಲನ್ನು ಕೈಯಿಂದಲೇ ಆರಿಸಿ ಬಿಸಾಡುತ್ತಾರೆ. ಹೀಗಾಗಿ ಪ್ರಯೋಗಾಲಯಕ್ಕೆ ಬರುವ ಮಾದರಿ ಹೊಲಕ್ಕಿಂತ ಮೆತ್ತಗಿರುತ್ತದೆ. ಪ್ರಯೋಗಾಲಯದವರು ಮಾತ್ರ ಎಚ್ಚರ ವಹಿಸಿದರೆ ಈ ದೋಷ ಹೋಗುವುದಿಲ್ಲ.

ಕಲ್ಲು ಬರಿಯ ಕೊರತೆಯೇ?

ಜಲ್ಲಿ ಎಂದರೆ ಕಳೆಯಬೇಕಾದ ಸಂಖ್ಯೆ ಮಾತ್ರ ಎಂದು ತಿಳಿದರೂ ತಪ್ಪಾಗುತ್ತದೆ. ನೆಲದ ಮೇಲೆ ಹರಡಿದ ಹರಳು ಮಳೆಹನಿಯ ಹೊಡೆತವನ್ನು ತಡೆಯುತ್ತದೆ. ಮೇಲ್ಮಣ್ಣು ಹೆಪ್ಪುಗಟ್ಟುವುದಿಲ್ಲ, ನೀರು ಇಂಗುತ್ತದೆ, ಸವಕಳಿ ತಗ್ಗುತ್ತದೆ, ಆವಿಯಾಗುವುದೂ ಕಡಿಮೆಯಾಗುತ್ತದೆ. ಆದರೆ ಅದೇ ಹರಳು ಹೆಪ್ಪುಗಟ್ಟಿದ ಮೇಲ್ಪದರದಲ್ಲಿ ಹುದುಗಿ ಕೂತರೆ ಪರಿಣಾಮ ತಿರುಗಿ, ನೀರು ಹರಿದು ಹೋಗುವುದು ಹೆಚ್ಚುತ್ತದೆ. ನಮ್ಮ ಕೊಪ್ಪಳ, ಗದಗ ಭಾಗದ ಕೆಲವು ಎರೆಹೊಲಗಳಲ್ಲಿ ಹಳ್ಳದ ಮರಳನ್ನು ತಂದು ಹರಡುವ ರೂಢಿಯ ಹಿಂದೆಯೂ ಇದೇ ತಿಳಿವಳಿಕೆ ಇದೆ. ಜಲ್ಲಿ ನೆಲದಲ್ಲಿ ಗಾಳಿಯಾಟ ಚೆನ್ನಾಗಿರುವುದರಿಂದ ಬೇರು ಕೊಳೆಯುವುದು ಕಡಿಮೆ. ದೂನ್‌ನಂಥ ಭಾರಿ ಮಳೆಯ ಕಣಿವೆಯಲ್ಲಿ ಹಣ್ಣಿನ ಮರಗಳಿಗೆ ಇದು ದೊಡ್ಡ ಅನುಕೂಲ. ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಹೊಲಕ್ಕೆ ಇಳಿಯಬಹುದು. ಕಲ್ಲು ಶಾಖವನ್ನು ಬೇಗ ಒಳಕ್ಕೆ ಸಾಗಿಸುವುದರಿಂದ ಚಳಿಗಾಲ ಕಳೆದೊಡನೆ ನೆಲ ಬೇಗ ಬೆಚ್ಚಗಾಗುತ್ತದೆ. ಇನ್ನೊಂದೆಡೆ ನೇಗಿಲಿನ ಕುಳ ಬೇಗ ಸವೆಯುತ್ತದೆ, ಗಡ್ಡೆ ಬೆಳೆಗಳು ಸೊಟ್ಟಗಾಗುತ್ತವೆ, ಸುಣ್ಣ ಮತ್ತು ಮೆಗ್ನೀಷಿಯಂ ಮಳೆಗೆ ಕರಗಿ ಇಳಿಯುತ್ತವೆ.

ಹೀಗೆ ಒಂದೇ ಕಲ್ಲು ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ. ಯಾವ ಬೆಳೆ, ಎಷ್ಟು ಮಳೆ, ಕಲ್ಲು ಮೇಲಿದೆಯೋ ಒಳಗಿದೆಯೋ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ. 'ಫಲವತ್ತಾದುದು' ಅಥವಾ 'ಕಳಪೆ' ಎಂಬ ಒಂದು ಪದದಲ್ಲಿ ಇದನ್ನು ಮುಗಿಸಲಾಗದು. 2000ದಲ್ಲಿ ಡೆಹ್ರಾಡೂನ್ ರಾಜಧಾನಿಯಾದ ನಂತರ ದೂನ್ ಕಣಿವೆಯ ಎಷ್ಟೋ ಹೊಲ ಮತ್ತು ತೋಟಗಳು ಬಡಾವಣೆಗಳಾದವು. ಚೆನ್ನಾಗಿ ಬಸಿಯುವ, ಗಟ್ಟಿ ತಳದ ನೆಲ ಕಟ್ಟಡದವರಿಗೂ ಇಷ್ಟ. ಅಲ್ಲಿ ಮುಚ್ಚಿಹೋದದ್ದು ಬೆಳೆಯುವ ಮಣ್ಣು ಮಾತ್ರವಲ್ಲ, ಕಣಿವೆಯ ಅಂತರ್ಜಲಕ್ಕೆ ಮಳೆನೀರು ಇಳಿಯುವ ದಾರಿಯೂ ಹೌದು.

ಆಗಬೇಕಾದದ್ದು

ಕರ್ನಾಟಕದ ಮಣ್ಣಿನ ನಕ್ಷೆಯಲ್ಲಿ ಕೆಂಪು ಜಲ್ಲಿಯುಕ್ತ ಗೋಡು, ಕೆಂಪು ಜಲ್ಲಿಯುಕ್ತ ಜೇಡಿ ಎಂಬ ವಿಭಾಗಗಳೇ ಇವೆ. ಇವು ದೂನ್‌ನಂತೆ ತೊರೆಗಳು ತಂದು ಸುರಿದ ಜಲ್ಲಿಯಲ್ಲ. ಬಹುತೇಕ ಸ್ಥಳದಲ್ಲೇ ಶಿಲೆ ಶಿಥಿಲಗೊಂಡು ಉಳಿದ ಹರಳು, ಅದೂ ಹೆಚ್ಚಾಗಿ ದಿಣ್ಣೆ ಮತ್ತು ಇಳಿಜಾರುಗಳಲ್ಲಿ. ಹುಟ್ಟು ಬೇರೆಯಾದರೂ ಲೆಕ್ಕದ ಸಮಸ್ಯೆ ಒಂದೇ. 2010ರ ದಶಕದಲ್ಲಿ ನಡೆದ ಸುಜಲಾ-3 ಜಲಾನಯನ ಯೋಜನೆಯ ಭೂಸಂಪನ್ಮೂಲ ಸಮೀಕ್ಷೆಯಲ್ಲಿ ಕಿರು ಜಲಾನಯನಗಳ ಮಣ್ಣಿನ ಆಳ, ವಿನ್ಯಾಸ, ಇಳಿಜಾರುಗಳ ಜೊತೆಗೆ ಜಲ್ಲಿಯ ಪ್ರಮಾಣಕ್ಕೂ ಪ್ರತ್ಯೇಕ ನಕ್ಷೆ ಮಾಡಲಾಯಿತು. ಇದು ಮೆಚ್ಚಬೇಕಾದ ಕೆಲಸ. ಸಮೀಕ್ಷೆಯ ನಕ್ಷೆಯಲ್ಲಿರುವ ಆ ಅಂಕಿಯನ್ನು ರೈತನ ಚೀಟಿಯ ಹನ್ನೆರಡು ಅಂಕಿಗಳ ಪಕ್ಕಕ್ಕೆ ತಂದು ನಿಲ್ಲಿಸುವುದು ಮುಂದಿನ ಹೆಜ್ಜೆಯಾಗಬೇಕು.

ಪ್ರಯೋಗಾಲಯಕ್ಕೆ ಇದರಿಂದ ಬೀಳುವ ಹೊರೆ ಬಹಳ ಕಡಿಮೆ. ಜರಡಿ ಹಿಡಿಯುವ ಮುನ್ನ ಒಮ್ಮೆ, ಹಿಡಿದ ಮೇಲೆ ಇನ್ನೊಮ್ಮೆ ತೂಗಿದರೆ ಸಾಕು. ಹೊಸ ಉಪಕರಣ ಬೇಡ, ರಾಸಾಯನಿಕ ಬೇಡ. ಚೀಟಿಯಲ್ಲಿ 'ಜಲ್ಲಿ, ಶೇಕಡಾ' ಎಂದು ಹದಿಮೂರನೆಯ ಸಾಲು ಸೇರಿಸಬೇಕು. ಶೇ. 15ಕ್ಕಿಂತ ಹೆಚ್ಚಿದ್ದರೆ ಹೆಕ್ಟೇರಿನ ಲೆಕ್ಕವನ್ನು ತಿದ್ದಿ ಕೊಡಬೇಕು. ಅದರ ಜೊತೆಗೆ 'ನೀರನ್ನು ಕಡಿಮೆ ಪ್ರಮಾಣದಲ್ಲಿ, ಹೆಚ್ಚು ಸಲ. ಸಾರಜನಕವನ್ನು ಕಂತುಗಳಲ್ಲಿ' ಎಂಬ ಸಲಹೆಯನ್ನೂ ಬರೆಯಬೇಕು. ಮಾದರಿ ತೆಗೆಯುವವರಿಗೆ ಕಲ್ಲನ್ನು ಹೊಲದಲ್ಲೇ ಆರಿಸಿ ಎಸೆಯಬಾರದೆಂದು ತಿಳಿಸಬೇಕು.

ಶಾಲೆಯಲ್ಲಿ ಮಾಡಿ ನೋಡಿ

ಅಧ್ಯಾಪಕರು ಇದಕ್ಕೆ ಕಾಯಬೇಕಾಗಿಲ್ಲ. ಶಾಲೆಯ ಸಮೀಪದ ಹೊಲದಲ್ಲಿ ಸುಮಾರು 20 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 15 ಸೆಂಟಿಮೀಟರ್ ಆಳದ ಗುಂಡಿ ತೋಡಿಸಿ. ಹೊರಬಂದ ಮಣ್ಣು ಮತ್ತು ಕಲ್ಲುಗಳನ್ನು ಒಂದು ಚೂರೂ ಬಿಡದೆ ಚೀಲಕ್ಕೆ ತುಂಬಿಸಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ನೆಲದ ಮಟ್ಟದವರೆಗೆ ನೀರು ಅಳೆದು ಸುರಿಸಿ. ಹಿಡಿಸಿದ ನೀರೇ ಗುಂಡಿಯ ಗಾತ್ರ. ಅದು 6 ಲೀಟರ್ ಇರಲಿ. ಮಣ್ಣನ್ನು ಒಣಗಿಸಿ, ಹೆಂಟೆ ಒಡೆದು, 2 ಮಿಲಿಮೀಟರ್ ಜರಡಿ ಹಿಡಿಯಿರಿ. ಮೇಲುಳಿದ ಕಲ್ಲುಗಳಿಗೆ ಅಂಟಿದ ಮಣ್ಣನ್ನು ತೊಳೆಯಿರಿ. ಸ್ವಲ್ಪ ಹೊತ್ತು ನೆನೆಸಿ, ಬಟ್ಟೆಯಿಂದ ಒರೆಸಿ, ನೀರಿರುವ ಅಳತೆ ಪಾತ್ರೆಗೆ ಹಾಕಿ. ಏರಿದ ನೀರು ಕಲ್ಲಿನ ಗಾತ್ರ. ಅದು 2.1 ಲೀಟರ್ ಆದರೆ ಜಲ್ಲಿಯ ಪಾಲು ಶೇ. 35. ಹೊಲದ ಎತ್ತರದ ಭಾಗ, ನಡುಭಾಗ, ತಗ್ಗುಗಳಲ್ಲಿ ಒಂದೊಂದು ಗುಂಡಿ ಮಾಡಿದರೆ ಒಂದೇ ಹೊಲದೊಳಗಿನ ವ್ಯತ್ಯಾಸವೂ ತಿಳಿಯುತ್ತದೆ.

ನಂತರ ಆ ಹೊಲದ ಮಣ್ಣು ಆರೋಗ್ಯ ಚೀಟಿಯನ್ನು ತರಿಸಿ, ಅದರಲ್ಲಿನ ಹೆಕ್ಟೇರಿನ ಅಂಕಿಗಳನ್ನು ವಿದ್ಯಾರ್ಥಿಗಳಿಂದಲೇ ತಿದ್ದಿಸಿ. ಏಳನೇ ತರಗತಿಯ ಶೇಕಡಾ ಲೆಕ್ಕ ಇದಕ್ಕೆ ಸಾಕು. ತಿದ್ದಿದ ಹಾಳೆಯನ್ನು ಹೊಲದ ಯಜಮಾನರಿಗೆ ಕೊಡಿ. ಮುಂದಿನ ಬಾರಿ ನೀರಿನ ಪಾಳಿ ಎಷ್ಟು ದಿನಕ್ಕೆ ಇಡಬೇಕು, ಗೊಬ್ಬರವನ್ನು ಎಷ್ಟು ಕಂತಿನಲ್ಲಿ ಹಾಕಬೇಕು ಎಂಬುದನ್ನು ಅವರು ತಮ್ಮ ಅನುಭವದ ಜೊತೆ ಹೋಲಿಸಿ ನಿರ್ಧರಿಸಲಿ. ಗರಸು ಹೊಲಕ್ಕೆ ಬೇಗ ಬೇಗ ನೀರು ಬೇಕೆಂದು ಅವರು ಎಂದಿನಿಂದಲೋ ಹೇಳುತ್ತಲೇ ಬಂದಿರುತ್ತಾರೆ.